ಪದಚರ್ಚೆ: ‘ರೂಪಾಂತರಿತ ಜಲಜ ಶಿಲೆ’ಗೆ ನಮ್ಮಲ್ಲಿ ಬೇರೆ ಮಾತು ಇದೆಯಾ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ಮೂರು ವಾರ ಆಯಿತು. ಚಿತ್ರದುರ್ಗದ ಕಡೆಯ ಹೈಸ್ಕೂಲು ಮಕ್ಕಳಿಗೆ ಅವರ ಸುತ್ತಮುತ್ತಲಿನ ಕಲ್ಲುಗಳ ಬಗ್ಗೆ ಒಂದು ಕಿರುಪುಸ್ತಕ ಮಾಡುತ್ತಿದ್ದೇವೆ. ವಿಷಯ ಬರೆದುಕೊಟ್ಟವರು ಭೂವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತರುವ ಕೆಲಸ ನನ್ನದು. ಮೊದಲ ಪುಟದಲ್ಲೇ ‘ಮೆಟಾಸೆಡಿಮೆಂಟರಿ’ ಅಂತ ಬಂತು, ಅಂದರೆ ಮರಳು, ಕೆಸರು ಕೂತು ಕಲ್ಲಾಗಿ, ಆಮೇಲೆ ನೆಲದೊಳಗಿನ ಶಾಖ, ಒತ್ತಡಕ್ಕೆ ಬದಲಾದದ್ದು. ನಾನು ಶಾಲೆಯಲ್ಲಿ ಕಲಿತ ಪದಗಳನ್ನೇ ಜೋಡಿಸಿ ‘ರೂಪಾಂತರಿತ ಜಲಜ ಶಿಲೆ’ ಎಂದು ಬರೆದೆ. ವ್ಯಾಕರಣದಲ್ಲಿ ತಪ್ಪೇನೂ ಇಲ್ಲ. ಆದರೆ ಕರಡನ್ನು ಒಂಬತ್ತನೇ ಕ್ಲಾಸಿನ ಮಕ್ಕಳ ಮುಂದೆ ಓದಿದಾಗ ಹಿಂದಿನ ಬೆಂಚಿನಿಂದ ಒಬ್ಬಳು ಕೈ ಎತ್ತಿದಳು. “ಮಿಸ್, ಜಲಜ ನಮ್ಮ ಸೋದರತ್ತೆ ಹೆಸರು.”

ಅವಳದ್ದೇನು ತಪ್ಪು? ಜಲಜ ಅಂದರೆ ಕನ್ನಡದವರಿಗೆ ತಾವರೆ, ಇಲ್ಲವೇ ಯಾರದೋ ಮನೆಯ ಹೆಂಗಸು. ಸುಮ್ನೆ ನಗುವ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಯೋಚಿಸಿದಷ್ಟೂ ಪದದ ಅರ್ಥವೇ ಸರಿಯಿಲ್ಲ ಅನ್ನಿಸತೊಡಗಿತು. ಮರಳಿನ ಕಣ ನೀರಿನಲ್ಲಿ ಹುಟ್ಟುವುದಿಲ್ಲ. ಅದು ಯಾವುದೋ ಬೆಟ್ಟದಲ್ಲಿ ಹುಟ್ಟಿ, ಒಡೆದು, ಉರುಳಿ, ಕೊನೆಗೆ ನೀರಿನ ತಳದಲ್ಲಿ ಕೂರುತ್ತದೆ. ಗಾಳಿ ತಂದು ಗುಡ್ಡೆ ಹಾಕಿದ ಮರಳೂ ಕಲ್ಲಾಗುತ್ತದೆ, ಅದಕ್ಕೆ ನೀರಿನ ಹಂಗೇ ಇಲ್ಲ. ‘ಕಣಶಿಲೆ’ ಅಂದರೆ ಇನ್ನೊಂದು ತೊಂದರೆ. ಗ್ರಾನೈಟಿನಲ್ಲೂ ಕಣವಿದೆ. ಆ ಹೆಸರೇ ಲ್ಯಾಟಿನ್ನಿನಲ್ಲಿ ಕಾಳು ಎಂಬ ಅರ್ಥದ ಮಾತಿನಿಂದ ಬಂದದ್ದು.

ನನಗೆ ಹೊಳೆದದ್ದು ‘ಹೂಳುಗಲ್ಲು’. ಕೆರೆಯ ಹೂಳು ಯಾರಿಗೆ ಗೊತ್ತಿಲ್ಲ ಹೇಳಿ? ಬೇಸಿಗೆಯಲ್ಲಿ ಹೂಳೆತ್ತುವಾಗ ನೋಡಿದರೆ ಒಂದು ಮಳೆಗಾಲದ ಮರಳು, ಅದರ ಮೇಲೆ ನಯವಾದ ಕೆಸರು, ಮತ್ತೆ ಮರಳು, ಹೀಗೆ ಪದರ ಪದರವಾಗಿ ಕೂತಿರುತ್ತದೆ. ಜೊತೆಗೆ ‘ಹೂಳು’ ಎಂಬ ಕ್ರಿಯಾಪದವೂ ಇದೆ, ಮಣ್ಣಿನಡಿ ಮುಚ್ಚುವುದು. ಹೂಳು ಕೂತು, ಮೇಲೆ ಇನ್ನಷ್ಟು ಹೂಳು ಬಿದ್ದು, ತಾನೇ ಹೂತುಹೋಗಿ ಕಲ್ಲಾಗುವುದು, ಎರಡೂ ಒಂದೇ ಪದದಲ್ಲಿ ಬಂದಂತಾಯಿತು. ಮೇಷ್ಟ್ರು ಕೂಡ ಇದಕ್ಕೆ ಹ್ಞೂಂ ಅಂದರು, ಒಂದು ತಕರಾರಿನ ಜೊತೆ. ಅದನ್ನು ಆಮೇಲೆ ಹೇಳುತ್ತೇನೆ.

ನಿಜವಾದ ಕಷ್ಟ ‘ರೂಪಾಂತರಿತ’ದ್ದು.

ಈ ಪದದ ಇಂಗ್ಲಿಷ್ ಮೂಲವಾದ ‘ಮೆಟಾಮಾರ್ಫಿಕ್’ ಎಂಬುದನ್ನು 1833ರಲ್ಲಿ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಗ್ರೀಕ್ ಬೇರುಗಳಿಂದ ಕಟ್ಟಿದ. ರೂಪ ಬದಲಾದದ್ದು ಎಂಬ ಅರ್ಥ. ನಾವು ಅದನ್ನೇ ಸಂಸ್ಕೃತಕ್ಕೆ ತಿರುಗಿಸಿಕೊಂಡೆವು. ಮಕ್ಕಳಿಗೆ ರೂಪಾಂತರ ಅಂದರೆ ಕಂಬಳಿಹುಳು ಚಿಟ್ಟೆಯಾಗುವುದು, ವಿಜ್ಞಾನದ ಪುಸ್ತಕದಲ್ಲಿ ಅದೂ ಇದೆ. ಈಗ ಬಾಬಾಬುಡನ್ ಬೆಟ್ಟಸಾಲಿನ ಬೆಣಚುಗಲ್ಲನ್ನು ನೋಡಿ. ಅದು 270–290 ಕೋಟಿ ವರ್ಷಗಳ ಹಿಂದೆ ನೀರಿನಡಿ ಕೂತ ಮರಳು. ಕೆಲವು ಬಂಡೆಗಳ ಮೇಲೆ ಕೆರೆಯ ಅಂಚಿನ ಒದ್ದೆ ಮರಳಿನಲ್ಲಿ ಕಾಣುವಂಥ ಅಲೆಗೆರೆ ಇವತ್ತಿಗೂ ಇದೆ. ಬೆರಳಾಡಿಸಿದರೆ ಏರು, ತಗ್ಗು, ಏರು, ತಗ್ಗು. ಅಂದರೆ ರೂಪ ಹಾಗೇ ಉಳಿದಿದೆ. ಬದಲಾದದ್ದು ಒಳಗಿನದು. ಬಿಡಿಬಿಡಿಯಾಗಿದ್ದ ಮರಳಿನ ಕಣಗಳು ಒಂದಕ್ಕೊಂದು ಬೆಸೆದು ಹೊಸದಾಗಿ ಹರಳುಗಟ್ಟಿವೆ. ಸಾಮಾನ್ಯ ಮರಳುಗಲ್ಲನ್ನು ಒಡೆದರೆ ಬಿರುಕು ಕಣಗಳ ಸಂದಿಯಲ್ಲಿ ಸುತ್ತಿಕೊಂಡು ಹೋಗುತ್ತದೆ. ಇದರಲ್ಲಿ ಕಣವನ್ನೇ ಸೀಳಿಕೊಂಡು ಹೋಗುತ್ತದೆ. ಇಂಥದ್ದಕ್ಕೆ ‘ರೂಪ ಬದಲಾದ ಕಲ್ಲು’ ಅಂದರೆ ಹೇಳಬೇಕಾದದ್ದನ್ನು ತಿರುಗುಮುರುಗಾಗಿ ಹೇಳಿದಂತೆ, ಅಲ್ವಾ?

ಹಾಗಾಗಿ ನಾನು ‘ಬೆಂದ’ ಎಂದು ಬರೆದೆ. ಬೆಂದ ಮರಳುಗಲ್ಲು, ಬೆಂದ ಜೇಡಿಕಲ್ಲು, ಬೆಂದ ಸುಣ್ಣದ ಕಲ್ಲು. ಒಟ್ಟಾಗಿ ಹೇಳುವಾಗ ಬೆಂದ ಹೂಳುಗಲ್ಲು. ನಮ್ಮಲ್ಲಿ ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ ಅನ್ನುತ್ತೇವೆ. ಹಸಿ ಮಡಕೆ, ಸುಟ್ಟ ಮಡಕೆ ಅನ್ನುತ್ತೇವೆ. ಆಕಾರ ಅದೇ, ಒಳಗಿನ ಗುಣ ಬೇರೆ. ‘ಸುಟ್ಟ’ ಬೇಡ ಅನ್ನಿಸಿತು, ಅದರಲ್ಲಿ ಉರಿ ಕಾಣುತ್ತದೆ. ಬೇಯುವುದು ಮುಚ್ಚಿದ ಪಾತ್ರೆಯೊಳಗೆ, ನಿಧಾನವಾಗಿ, ಕರಗಿ ನೀರಾಗದೆ. ನೆಲದೊಳಗೂ ಸುಮಾರಾಗಿ ಹಾಗೇ. ಕೆಳಗೆ ಇಳಿದಂತೆ ಒಂದೊಂದು ಕಿಲೋಮೀಟರಿಗೂ ಹೆಚ್ಚುಕಡಿಮೆ 25–30 ಡಿಗ್ರಿ ಶಾಖ ಏರುತ್ತದೆ. ಮೇಲಿನ ಭಾರ ಕುಕ್ಕರಿನ ಮುಚ್ಚಳದ ಹಾಗೆ ಕೂತಿರುತ್ತದೆ. ಕಲ್ಲು ಗಟ್ಟಿಯಾಗಿದ್ದುಕೊಂಡೇ ಒಳಗೆ ಬದಲಾಗುತ್ತದೆ.

ಮೇಷ್ಟ್ರು ಒಪ್ಪಲಿಲ್ಲ. “ಬೆಂದ ಅಂದರೆ ಮಕ್ಕಳು ಜ್ವಾಲಾಮುಖಿ ಅಂದ್ಕೋತಾರೆ ಕಣಮ್ಮ. ಒತ್ತಡ ಎಲ್ಲಿ ಹೋಯ್ತು?” ಅಂದರು. ಇದೇನು ಸಣ್ಣ ಆಕ್ಷೇಪ ಅಲ್ಲ. ಶಾಖದಷ್ಟೇ ಒತ್ತಡವೂ ಮುಖ್ಯ, ಕೆಲವು ಕಡೆ ಒತ್ತಡದ್ದೇ ಕಾರುಬಾರು.

ಅದನ್ನು ಅವರು ಬಾಯಲ್ಲಿ ಹೇಳದೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಕಡೆ ಕರೆದುಕೊಂಡು ಹೋಗಿ ತೋರಿಸಿದರು. ಭೂವಿಜ್ಞಾನಿಗಳಿಗೆ ಆ ಊರಿನ ಹೆಸರು ಚೆನ್ನಾಗಿ ಗೊತ್ತು. ನಾವು ನಿಂತದ್ದು ಒಂದು ಬೋಳು ಬಂಡೆಯ ಮೇಲೆ. ಮೊದಲು ನೋಡಿದರೆ ಏನೂ ಇಲ್ಲ, ಮಾಸಲು ಬೂದು ಬಣ್ಣ, ಅಲ್ಲಲ್ಲಿ ಕಲ್ಲುಹೂವು. ಮೇಷ್ಟ್ರು ಬಾಟಲಿಯ ನೀರು ಸುರಿದು ಅಂಗೈಯಲ್ಲಿ ಉಜ್ಜಿದರು. ಒದ್ದೆಯಾದ ಜಾಗದಲ್ಲಿ ಉರುಟುಗಲ್ಲುಗಳು ಒಂದೊಂದಾಗಿ ಎದ್ದು ಕಂಡವು. ಬಿಳಿ ಬೆಣಚು ಒಂದು, ಪಟ್ಟೆ ಪಟ್ಟೆಯದು ಒಂದು, ಕರಿದು ಒಂದು. ಹೊಳೆಯ ಪಾತ್ರದಲ್ಲಿ ಸಿಗುವಂಥವೇ. ಆದರೆ ಒಂದೂ ದುಂಡಗಿರಲಿಲ್ಲ. ಎಲ್ಲವೂ ಒಂದೇ ದಿಕ್ಕಿಗೆ ತಲೆಮಾಡಿ ಖರ್ಜೂರದ ಹಾಗೆ ಉದ್ದಕ್ಕೆ ಚಪ್ಪಟೆಯಾಗಿದ್ದವು. ಜೊತೆಗೆ ಬಂದಿದ್ದ ಒಬ್ಬ ಹುಡುಗ “ಶೇಂಗಾ ಉಂಡೆ ಥರ ಐತೆ ಸಾರ್” ಅಂದ. ಅವನ ಪಕ್ಕದವನು ತಕ್ಷಣ “ಉಂಡೆ ಅಲ್ಲ ಕಣೋ, ಉಂಡೆ ಮೇಲೆ ಯಾರೋ ಕುಂತವ್ರೆ” ಅಂದ. ಮೇಷ್ಟ್ರು ನನ್ನ ಮುಖ ನೋಡಿ ನಕ್ಕರು. ‘ಬೆಂದ’ ಎಂಬ ಪದ ಆ ಕೂತವರ ಬಗ್ಗೆ ಏನೂ ಹೇಳುವುದಿಲ್ಲ, ನಿಜ.

ಹಾಗಂತ ‘ಒತ್ತಿಬೆಂದ’ ಅಂದರೆ ಬಾಯಿ ತೊಡರುತ್ತದೆ. ‘ಮಾಗಿದ’ ಅಂದರೆ ಹಣ್ಣು, ‘ಪಕ್ವ’ ಅಂದರೆ ಪ್ರವಚನ. ‘ಮಾರ್ಪಟ್ಟ’ ಎಂದು ಕೆಲವರು ಬರೆಯುವುದನ್ನು ನೋಡಿದ್ದೇನೆ. ತಪ್ಪಿಲ್ಲ, ಆದರೆ ಹೇಗೆ ಮಾರ್ಪಟ್ಟಿತು ಅನ್ನುವುದು ಅದರಲ್ಲಿ ಇಲ್ಲ. ಮಳೆಬಿಸಿಲಿಗೆ ಕೊಳೆತು ಮಣ್ಣಾದ ಕಲ್ಲೂ ಮಾರ್ಪಟ್ಟದ್ದೇ.

‘ಬೆಂದ’ವನ್ನು ಬಿಡಲು ಮನಸ್ಸಾಗದಿರುವುದಕ್ಕೆ ಇನ್ನೊಂದು ಕಾರಣ ಇದೆ. ಭೂವಿಜ್ಞಾನದಲ್ಲಿ ಕಲ್ಲು ಎಷ್ಟು ಬದಲಾಗಿದೆ ಎಂಬುದಕ್ಕೆ ‘ಗ್ರೇಡ್’ ಅನ್ನುತ್ತಾರೆ. ನಾನು ಮೊದಲು ‘ದರ್ಜೆ’ ಎಂದು ಹಾಕಿದ್ದೆ. ‘ಕೆಳದರ್ಜೆಯ ಶಿಲೆ’ ಅಂದ ಕೂಡಲೇ ಕಳಪೆ ಮಾಲು ಎಂಬ ಅರ್ಥ ಬಂತು. ಅಡುಗೆಮನೆಯಲ್ಲಿ ಇದಕ್ಕೆ ಪದ ಆಗಲೇ ಇದೆ: ಹದ. ಬೆಲ್ಲದ ಪಾಕ ಇಡುವಾಗ ಒಂದೆಳೆ, ಎರಡೆಳೆ ಎಂದು ಹದ ನೋಡುವುದಿಲ್ಲವೇ? ಥರ್ಮಾಮೀಟರ್ ಬೇಕಿಲ್ಲ, ಪಾಕವೇ ತನ್ನ ಶಾಖ ಎಷ್ಟು ಅಂತ ಹೇಳುತ್ತದೆ. ಭೂವಿಜ್ಞಾನಿ ಮಾಡುವುದೂ ಅದನ್ನೇ. ಜೇಡಿಮಣ್ಣು ಗಟ್ಟಿಯಾಗಿ ಮೊದಲು ಜೇಡಿಕಲ್ಲು. ಇನ್ನಷ್ಟು ಒತ್ತಡ, ಶಾಖ ಸಿಕ್ಕರೆ ಪಾಟಿಕಲ್ಲು, ಅಂದರೆ ಸ್ಲೇಟು. ಆಮೇಲೆ ರೇಷ್ಮೆಯ ಮಿನುಗಿರುವ ಫಿಲೈಟ್, ಆಮೇಲೆ ಕಾಗೆಬಂಗಾರ ಕಣ್ಣಿಗೆ ಕಾಣುವಷ್ಟು ದಪ್ಪವಾದ ಶಿಸ್ಟ್. ಇನ್ನೂ ಬೆಂದರೆ ಗಾರ್ನೆಟ್, ಸ್ಟಾರೊಲೈಟ್, ಕಯನೈಟ್ ಹರಳುಗಳು ಒಂದರ ಹಿಂದೆ ಒಂದು. ಕಯನೈಟ್, ಸಿಲಿಮನೈಟ್ ಎರಡರಲ್ಲೂ ಇರುವುದು ಅದದೇ ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕ, ಅದೇ ಅಳತೆಯಲ್ಲಿ. ಒತ್ತಡ ಜಾಸ್ತಿಯಿದ್ದರೆ ನೀಲಿ ಕಯನೈಟ್, ಶಾಖ ಜಾಸ್ತಿಯಾದರೆ ಸಿಲಿಮನೈಟ್. ಹರಳು ನೋಡಿ ಹದ ಹೇಳಬಹುದು.

ನಮ್ಮ ರಾಜ್ಯದಲ್ಲಿ ಬಸ್ಸಿನಲ್ಲಿ ಹೋಗುತ್ತಾ ಹದ ಏರುವುದನ್ನು ನೋಡಬಹುದು ಅನ್ನುವುದು ನನಗೆ ಹೊಸ ವಿಷಯ. ಗದಗ, ಚಿತ್ರದುರ್ಗದ ಕಡೆ ಈ ಕಲ್ಲುಗಳು ಅರೆಬೆಂದವು. ತೆಂಕಣಕ್ಕೆ ಹೊಳೆನರಸೀಪುರಕ್ಕೆ ಬಂದರೆ ಚೆನ್ನಾಗಿ ಬೆಂದವು, ಅಲ್ಲಿ ಕಯನೈಟ್, ಸ್ಟಾರೊಲೈಟ್ ಸಿಗುತ್ತವೆ. ಇನ್ನೂ ಕೆಳಗೆ ಸರಗೂರು, ಬಿಳಿಗಿರಿರಂಗನ ಬೆಟ್ಟದ ಕಡೆ ಹೋದರೆ ತಳ ಹಿಡಿದವು. ಕಾರಣ ಸರಳ. ತೆಂಕಣದ ನೆಲ ಜಾಸ್ತಿ ಮೇಲೆದ್ದು ಜಾಸ್ತಿ ಸವೆದಿದೆ. ಪಾತ್ರೆಯನ್ನು ಓರೆ ಮಾಡಿ ಕೊಯ್ದ ಹಾಗೆ, ಬಡಗಣದಲ್ಲಿ ಮೇಲಿನ ಅನ್ನ, ತೆಂಕಣದಲ್ಲಿ ತಳದ ಸೀಕು. ಇದನ್ನೆಲ್ಲ ‘ರೂಪಾಂತರದ ದರ್ಜೆ ದಕ್ಷಿಣಾಭಿಮುಖವಾಗಿ ವರ್ಧಿಸುತ್ತದೆ’ ಎಂದು ಬರೆದರೆ ಯಾವ ಮಗುವಿಗೆ ತಲೆಗೆ ಹೋದೀತು? ಆದರೆ ‘ಹದ’ಕ್ಕೆ ‘ಸರಿಯಾದ ಸ್ಥಿತಿ’ ಎಂಬ ಅರ್ಥವೂ ಇದೆ, ಹದವಾಗಿ ಬೆಂದಿದೆ ಅನ್ನುವ ಹಾಗೆ. ‘ಹೆಚ್ಚು ಹದ’, ‘ಕಡಿಮೆ ಹದ’ ಅಂದರೆ ಕಿವಿಗೆ ಒರಟಾಗುತ್ತದೆಯೇ? ನನಗೆ ನಿಮ್ಮ ಅಭಿಪ್ರಾಯ ಬೇಕಿರುವುದು ಇಲ್ಲಿಯೇ.

ಈಗ ‘ಪದರ’ದ ಗೊಂದಲ. ಶಾಲೆಯ ಪುಸ್ತಕಗಳಲ್ಲಿ ‘ಪದರುಶಿಲೆ’ ಅಂತಲೂ ಹೂಳುಗಲ್ಲನ್ನು ಕರೆಯುತ್ತಾರೆ. ಶಿಸ್ಟ್ ಕೂಡ ಪದರ ಪದರವಾಗಿ ಏಳುತ್ತದೆ, ಅದಕ್ಕೂ ಪದರ ಅನ್ನುತ್ತೇವೆ. ಎರಡೂ ಒಂದಲ್ಲ. ಮೊದಲನೆಯದು ಹೂಳು ಕೂತಾಗ ಆದ ಪದರ. ಎರಡನೆಯದು ಆಮೇಲೆ ನೆಲ ಹಿಂಡಿದಾಗ ಕಾಗೆಬಂಗಾರದ ಚಕ್ಕೆಗಳು ಒತ್ತಡಕ್ಕೆ ಅಡ್ಡಲಾಗಿ ಮಲಗಿದ್ದರಿಂದ ಆದ ಸೀಳು. ಮೇಷ್ಟ್ರ ಮೇಜಿನ ಮೇಲೆ ಒಂದು ಪಾಟಿಕಲ್ಲಿನ ತುಂಡಿದೆ. ಅದರಲ್ಲಿ ಬೂದು ಪಟ್ಟೆ, ಕರಿ ಪಟ್ಟೆ ಓರೆಯಾಗಿ ಹೋಗಿವೆ, ಅದು ಹಳೆಯ ಕೆಸರಿನ ಪದರ. ಕಲ್ಲು ಸೀಳುವುದು ಮಾತ್ರ ಆ ಪಟ್ಟೆಗಳನ್ನು ಕತ್ತರಿಸಿಕೊಂಡು ಇನ್ನೊಂದು ದಿಕ್ಕಿಗೆ. ಒಂದೇ ಅಂಗೈಯಗಲದ ಕಲ್ಲಿನಲ್ಲಿ ಎರಡು ಕಾಲದ ಎರಡು ಗೆರೆ. ಎರಡಕ್ಕೂ ‘ಪದರ’ ಅಂದರೆ ಕತೆ ಅಲ್ಲೇ ನಿಂತುಹೋಗುತ್ತದೆ.

ನಮ್ಮೂರಲ್ಲಿ ಚಪ್ಪಡಿ ಎಬ್ಬಿಸುವವರು ‘ಎಳೆ’ ಅನ್ನುತ್ತಿದ್ದರು. “ಎಳೆ ನೋಡ್ಕಂಡು ಉಳಿ ಇಕ್ಕು” ಅಂತ ಅಪ್ಪ ಮಗನಿಗೆ ಗದರುತ್ತಿದ್ದದ್ದು ನನಗೆ ನೆನಪಿದೆ. ಕಲ್ಲು ತಾನಾಗಿ ಒಡೆಯಲು ಒಪ್ಪುವ ದಿಕ್ಕು ಅದು. ಕೂತದ್ದಕ್ಕೆ ‘ಪದರ’, ಹಿಂಡಿದ್ದಕ್ಕೆ ‘ಎಳೆ’ ಎಂದು ಸದ್ಯಕ್ಕೆ ಬೇರೆ ಮಾಡಿಟ್ಟಿದ್ದೇನೆ. ನಿಮ್ಮ ಕಡೆ ಕಲ್ಲು ಕೆಲಸದವರು ಇದಕ್ಕೆ ಏನನ್ನುತ್ತಾರೆ?

ಶಿಸ್ಟ್ ಎಂಬುದನ್ನು ಹಾಗೇ ಬಿಡೋಣ ಅನ್ನುವವರಿಗೆ ಒಂದು ಸಂಗತಿ ಹೇಳಲೇಬೇಕು. ಹೋದ ವರ್ಷ ಇದೇ ವಿಷಯಕ್ಕೆ ಒಂದು ಕರಪತ್ರ ಮಾಡಿಸಿದ್ದೆವು. ‘ಚಿತ್ರದುರ್ಗ ಶಿಸ್ಟ್ ಪಟ್ಟಿ’ ಎಂದು ಕೊಟ್ಟಿದ್ದೆ. ಟೈಪು ಮಾಡಿದವರಿಗೆ ಅದು ತಪ್ಪಾಗಿ ಕಂಡಿದೆ. ಪಾಪ, ತಿದ್ದಿದ್ದಾರೆ. ಐನೂರು ಪ್ರತಿಯೂ ‘ಚಿತ್ರದುರ್ಗ ಶಿಸ್ತು ಪಟ್ಟಿ’ ಎಂದು ಅಚ್ಚಾಗಿ ಬಂತು. ಮಕ್ಕಳು ಅದನ್ನು ಹೆಡ್‌ಮಾಸ್ಟರ್ ಹೊರಡಿಸಿದ ಹೊಸ ನಿಯಮ ಅಂದುಕೊಂಡರು. ಗ್ರೀಕಿನಲ್ಲಿ ಅದರ ಮೂಲದ ಅರ್ಥ ಸೀಳುವಂಥದ್ದು ಅಂತ. ‘ಸೀಳುಗಲ್ಲು’ ಎಂದರೆ ಆಯಿತಲ್ಲ?

ಹೆಸರು ದಾರಿ ತಪ್ಪಿಸುವುದು ಮಕ್ಕಳನ್ನು ಮಾತ್ರವಲ್ಲ. ಮೈಸೂರು ಸಂಸ್ಥಾನದಲ್ಲಿ 1894ರಲ್ಲೇ ಭೂವಿಜ್ಞಾನ ಇಲಾಖೆ ಶುರುವಾಯಿತು. ಅದನ್ನು ಮುಂದೆ ನಡೆಸಿದ ಡಬ್ಲ್ಯು. ಎಫ್. ಸ್ಮೀತ್, ಧಾರವಾಡ ಶಿಲೆಗಳೆಲ್ಲ (ಚಿತ್ರದುರ್ಗ, ಬಾಬಾಬುಡನ್ ಕಡೆಯ ಈ ಕಲ್ಲುಗಳಿಗೆ ಇರುವ ಒಟ್ಟು ಹೆಸರು ಅದು) ಹೆಚ್ಚುಕಡಿಮೆ ಬೆಂಕಿಯಿಂದ ಹುಟ್ಟಿದವು ಎಂದು ನಂಬಿದ್ದರು. ಹಾಗಾದರೆ ಈ ಉರುಟುಗಲ್ಲಿನ ಬಂಡೆಗಳು? ಅವು ಹೊಳೆಯ ಕಲ್ಲುಗಳಲ್ಲ, ನೆಲ ಜರುಗಿದಾಗ ಬಂಡೆಯೇ ನುರಿದು ಉರುಟಾದದ್ದು ಎಂದರು. ಅದಕ್ಕೆ ‘ನುರಿದ ಉಂಡೆಗಲ್ಲು’ ಎಂಬರ್ಥದ ಹೆಸರೂ ಇತ್ತು. ಹೆಸರು ಇಟ್ಟ ಮೇಲೆ ಕಣ್ಣಿಗೂ ಹಾಗೇ ಕಾಣುತ್ತದೆ. ಮುಂದೆ ಬಿ. ರಾಮರಾವ್, ಸಿ. ಎಸ್. ಪಿಚ್ಚಮುತ್ತು ಮುಂತಾದ ಭೂವಿಜ್ಞಾನಿಗಳು ಅಲೆಗೆರೆ, ಓರೆಪದರಗಳನ್ನು ಮುಂದಿಟ್ಟು, ಇದರಲ್ಲಿ ಬಹಳಷ್ಟು ನೀರಿನಡಿ ಕೂತ ಹೂಳೇ ಎಂದು ತೋರಿಸಿದರು. ತರೀಕೆರೆ ಕಡೆಯ ಕಲ್ದುರ್ಗದ ಬಂಡೆಯಲ್ಲಿ ಗ್ರಾನೈಟಿನಂಥ ಕಲ್ಲಿನ ದೊಡ್ಡ ದೊಡ್ಡ ಗುಂಡುಗಳೇ ಇವೆ. ಗುಂಡು ಹೊಳೆಗೆ ಬಿದ್ದು ಉರುಟಾಗಬೇಕಾದರೆ ಅದರ ತಾಯಿಬಂಡೆ ಮೊದಲೇ ಇರಬೇಕಲ್ಲ? ಅಂದರೆ ಈ ಹೂಳಿಗಿಂತ ಹಳೆಯ ನೆಲ ಒಂದಿತ್ತು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅಂಥ ಹಳೆಯ ನೆಲದ ತುಂಡು, ಸುಮಾರು 300 ಕೋಟಿ ವರ್ಷದ್ದು. ಕೆಂಪೇಗೌಡರ ಗೋಪುರದ ಬುಡದಲ್ಲಿ ಫೋಟೋ ತೆಗೆಸಿಕೊಳ್ಳುವವರು ನಿಂತಿರುವುದು ಅದರ ಮೇಲೆಯೇ.

ಹೂಳು ಎಲ್ಲಿಂದ ಬಂತು ಎಂಬುದಕ್ಕೆ ಇಂಗ್ಲಿಷಿನಲ್ಲಿ ‘ಪ್ರಾವೆನೆನ್ಸ್’ ಎಂಬ ದೊಡ್ಡ ಪದ ಇದೆ. ‘ಉಗಮಸ್ಥಾನ’ ಅಂದರೆ ಕಾವೇರಿ ಕಣ್ಣಮುಂದೆ ಬರುತ್ತಾಳೆ. ನಾನು ‘ತವರು’ ಎಂದು ಹಾಕಿದೆ. ಮರಳಿನ ತವರು ಯಾವುದು? ಇದನ್ನು ಹೇಳುವುದು ಜಿರ್ಕಾನ್ ಎಂಬ ಚಿಟಿಕೆಯಷ್ಟು ಹರಳು. ಬಂಡೆ ಸವೆದರೂ ಅದು ಸವೆಯುವುದಿಲ್ಲ, ಹೂಳಿನ ಜೊತೆ ಬಂದು ಕೂರುತ್ತದೆ, ಕಲ್ಲು ಬೆಂದರೂ ತನ್ನ ಹಳೆಯ ವಯಸ್ಸನ್ನು ಮರೆಯುವುದಿಲ್ಲ. ಸರಗೂರು ಗುಂಪು ಎಂದು ಕರೆಯುವ ಕಲ್ಲುಗಳ ಪೈಕಿ ಬೆಂದ ಮರಳುಗಲ್ಲಿನಲ್ಲಿ 350 ಕೋಟಿ ವರ್ಷಕ್ಕೂ ಹಳೆಯ ಜಿರ್ಕಾನ್ ಸಿಕ್ಕಿದೆ. ಅಷ್ಟು ಹಳೆಯ ಬಂಡೆ ಅಲ್ಲಿ ಸುತ್ತಮುತ್ತ ಕಾಣುವುದಿಲ್ಲ. ತವರುಮನೆ ಬಿದ್ದುಹೋಗಿದೆ, ಮಗಳ ಕಿವಿಯ ಓಲೆ ಉಳಿದಿದೆ. ಇದನ್ನು ಪುಸ್ತಕದಲ್ಲಿ ಬರೆದರೆ ಮೇಷ್ಟ್ರು ಹೊಡೆದುಹಾಕುತ್ತಾರೆ, ಇಲ್ಲಿ ಮಾತ್ರ ಹೇಳುತ್ತಿದ್ದೇನೆ.

‘ಟೆಕ್ಟಾನಿಕ್’ಗೆ, ಅಂದರೆ ನೆಲದ ದೊಡ್ಡ ದೊಡ್ಡ ತುಂಡುಗಳು ಜರುಗುವ ವಿಷಯಕ್ಕೆ ಬಂದರೆ ನನಗೆ ಇನ್ನೂ ಸಮಾಧಾನ ಇಲ್ಲ. ‘ಭೂಫಲಕ’ ರೂಢಿಗೆ ಬಂದಿದೆ. ಆದರೆ ಫಲಕ ಅಂದರೆ ನನಗೆ ಕಾಣುವುದು ಬಸ್ಸಿನ ನಾಮಫಲಕ. ಫಲಕದ ತದ್ಭವ ಹಲಗೆ. ‘ನೆಲಹಲಗೆ’ ಅಂದರೆ ತೇಲುವುದು, ಒಂದರ ಅಡಿಗೆ ಒಂದು ಜಾರುವುದು, ಅಂಚು ಸವೆಯುವುದು ಎಲ್ಲ ಒಟ್ಟಿಗೆ ಕಾಣುತ್ತದೆ. ಟೆಕ್ಟಾನಿಕ್ ಎಂಬುದರ ಗ್ರೀಕ್ ಮೂಲದ ಅರ್ಥವೂ ಬಡಗಿ ಅಂತ, ಸಂಸ್ಕೃತದ ತಕ್ಷನ್ ಅದರ ನೆಂಟ. ಬಡಗಿಯ ಕೈಗೆ ಹಲಗೆ ಕೊಟ್ಟರೆ ಹೆಚ್ಚೇನೂ ತಪ್ಪಾಗದು. ‘ಡಿಕ್ಕಿ’ಯನ್ನು ಮಾತ್ರ ದಯವಿಟ್ಟು ಬಿಡೋಣ. ಉಗುರು ಬೆಳೆಯುವ ವೇಗದಲ್ಲಿ ಆಗುವುದು ಡಿಕ್ಕಿ ಹೇಗಾಗುತ್ತದೆ? ನಾನು ‘ಅವುಚಿಕೊಂಡವು’ ಎಂದು ಬರೆದಿದ್ದೇನೆ.

ಧಾರವಾಡ ಶಿಲೆಗಳ ಕತೆಯನ್ನು ಈ ಪದಗಳಲ್ಲಿ ಹೇಳಿ ನೋಡಿದೆ. ಹಳೆಯ ನೆಲ ಹಿಗ್ಗಿ ತೆಳುವಾಗಿ ತಗ್ಗಾಯಿತು. ತಗ್ಗಿಗೆ ಮೊದಲು ಉರುಟುಗಲ್ಲು, ಮರಳು ಬಂದು ಬಿದ್ದವು. ಬಿರುಕಿನಿಂದ ಲಾವಾ ಉಕ್ಕಿ ಹರಡಿತು. ಸಮುದ್ರ ಆಳವಾಯಿತು. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ನೀರಿನಲ್ಲಿ ಕರಗಿಕೊಂಡೇ ಇತ್ತು, ಆಮೇಲೆ ಸಿಲಿಕಾದ ಜೊತೆ ಪಟ್ಟೆ ಪಟ್ಟೆಯಾಗಿ ತಳಕ್ಕೆ ಇಳಿಯಿತು. ಕುದುರೆಮುಖ, ಸಂಡೂರು, ಕೆಮ್ಮಣ್ಣುಗುಂಡಿಯ ಅದಿರು ಎಲ್ಲ ಈ ಪಟ್ಟೆಗಲ್ಲಿನ ಸಂತಾನ. ಮುಳ್ಳಯ್ಯನಗಿರಿ ಅಷ್ಟು ಎತ್ತರಕ್ಕೆ ನಿಂತಿರುವುದೂ ಅದು ಸುಲಭಕ್ಕೆ ಸವೆಯದ ಕಾರಣಕ್ಕೆ. ಕೊನೆಗೆ ನೆಲ ಮೂಡಲು ಪಡುವಲು ಎರಡೂ ಕಡೆಯಿಂದ ಹಿಂಡಿತು. ಹೂಳೆಲ್ಲ ಬಡಗಣ–ತೆಂಕಣಕ್ಕೆ ಉದ್ದುದ್ದ ನೆರಿಗೆಯಾಗಿ ನಿಂತಿತು. ಸುಮಾರು 250 ಕೋಟಿ ವರ್ಷಗಳ ಹಿಂದೆ ಅವುಗಳ ಮಗ್ಗುಲಲ್ಲೇ ರಾಮನಗರದ ಗ್ರಾನೈಟ್ ಕುದಿದು ಮೇಲೇರಿತು. ‘ನೆರಿಗೆ’ಯ ಬಗ್ಗೆ ನನಗೆ ಅನುಮಾನವೇ ಇಲ್ಲ. ಪಟ್ಟೆಗಲ್ಲಿನ ಬಂಡೆಯಲ್ಲಿ ಬೆರಳಗಲದ ಮಡಿಕೆಗಳನ್ನು ನೋಡಿದವರು ಯಾರೇ ಆದರೂ ಸೀರೆಯನ್ನೇ ನೆನೆಯುತ್ತಾರೆ. ‘ಮಡಿಕೆ’ ಅಂದರೆ ನಮ್ಮ ಕಡೆ ಗಡಿಗೆ ಎಂದೂ ಆಗುತ್ತದೆ.

ಇಲ್ಲಿಗೆ ಮೇಷ್ಟ್ರ ತಕರಾರು. ಕಬ್ಬಿಣದ ಪಟ್ಟೆ, ಸುಣ್ಣದ ಕಲ್ಲು ಇವು ಹೊಳೆ ಹೊತ್ತು ತಂದ ಹೂಳಲ್ಲ. ಕರಗಿದ್ದು ತಾನಾಗಿ ತಳ ಸೇರಿದ್ದು. ಬೋರ್‌ವೆಲ್ ನೀರು ಕಾಯಿಸಿ ಕಾಯಿಸಿ ಗೀಸರಿನೊಳಗೆ ಬಿಳಿ ಪೊರೆ ಕಟ್ಟುತ್ತದಲ್ಲ, ಸುಮಾರಾಗಿ ಹಾಗೆ. ಅದನ್ನು ಹೂಳು ಅನ್ನಬಹುದೇ? ಅನ್ನಬಹುದು ಅಂತ ನನ್ನ ವಾದ, ಯಾಕೆಂದರೆ ಅದೂ ಕೂತದ್ದೇ, ಅದೂ ಹೂತದ್ದೇ. ಅವರು ತಲೆಯಾಡಿಸುತ್ತಾರೆ, ಒಪ್ಪಿ ಅಲ್ಲ.

ಪಾಟಿ, ಬಳಪದ ವಿಷಯ ಹೇಳದೆ ಮುಗಿಸಲಾರೆ. ಪಾಟಿ ಬೆಂದ ಕೆಸರು. ಬಳಪದ ಕಲ್ಲು ಅಗ್ನಿಶಿಲೆ ಬೆಂದು ಮೆತ್ತಗಾದದ್ದು. ಬೇಲೂರು, ಹಳೇಬೀಡಿನ ಶಿಲ್ಪಗಳದ್ದೂ ಅದೇ ಜಾತಿ. ಹಳೆಯ ಕಾಲದಲ್ಲಿ ಹುಣಸೆಬೀಜದ ಅಂಟು, ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬರೆಯುತ್ತಿದ್ದದ್ದೂ ಬಳಪದಲ್ಲೇ. ಅಂದರೆ ಅಆಇಈ ತಿದ್ದುವ ಮಗುವಿನ ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ಎರಡೂ ಬೆಂದ ಕಲ್ಲು, ಒಂದರ ತವರು ಕೆಸರು, ಇನ್ನೊಂದರದ್ದು ಬೆಂಕಿ. ಪುಸ್ತಕದ ಮೊದಲ ಚಿತ್ರ ಇದೇ ಇರಲಿ ಎಂದು ಹಟ ಹಿಡಿದಿದ್ದೇನೆ. ಆದರೆ ಈ ಮಕ್ಕಳಲ್ಲಿ ಅರ್ಧ ಜನ ಪಾಟಿಯನ್ನು ಪ್ಲಾಸ್ಟಿಕ್ಕಿನದು ಮಾತ್ರ ನೋಡಿದ್ದಾರೆ. ಮೈಸೂರು ಕಡೆಯವರು ‘ಸ್ಲೇಟು’ ಅಂತಲೇ ಅನ್ನುತ್ತಾರೆ. ‘ಪಾಟಿಕಲ್ಲು’ ಅಲ್ಲಿಯ ಮಕ್ಕಳಿಗೆ ಅರ್ಥವಾದೀತೇ?

ಊರ ಮಾತುಗಳನ್ನು ತಂದರೆ ವಿಜ್ಞಾನ ಹಗುರವಾಗುತ್ತದೆ ಎಂದು ಹಿಂದೊಮ್ಮೆ ಇಲ್ಲೇ ಯಾರೋ ಬರೆದಿದ್ದರು. ಆದರೆ ಶಾಸ್ತ್ರದ ಎಷ್ಟೋ ಪದ ಊರ ಮಾತಿನಿಂದಲೇ ಬಂದದ್ದು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಒಂದು ಕೆಂಪು ಕಲ್ಲು ನೋಡಿದ. ಅಗೆಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ. ಇಲ್ಲಿಯವರು ಅದನ್ನು ‘ಇಟ್ಟಿಗೆ ಕಲ್ಲು’ ಅನ್ನುತ್ತಾರೆ ಎಂದು ಗುರುತು ಹಾಕಿಕೊಂಡು, ಇಟ್ಟಿಗೆಗೆ ಲ್ಯಾಟಿನ್ನಿನಲ್ಲಿ ಇರುವ ಮಾತಿನಿಂದ 1807ರಲ್ಲಿ ‘ಲ್ಯಾಟರೈಟ್’ ಎಂದ. ಕರಾವಳಿಯವರ ಮುರಕಲ್ಲು ಅದೇ. ಇವತ್ತು ಜಗತ್ತೆಲ್ಲ ಆ ಪದ ಬಳಸುತ್ತದೆ. ಕುರುಂದಂ ಎಂಬ ಮಾತಿನಿಂದ ‘ಕೊರಂಡಮ್’ ಎಂಬ ಗಟ್ಟಿ ಖನಿಜದ ಹೆಸರು ಹೋಯಿತು, ಅದು ತಮಿಳಿನ ಕೊಡುಗೆ. ಒಡಿಶಾದ ಖೋಂಡ ಜನರ ಹೆಸರಿನಲ್ಲಿ ‘ಖೊಂಡಲೈಟ್’ ಇದೆ. ಅದು ನಾವು ಈಗ ಮಾತಾಡುತ್ತಿರುವಂಥದ್ದೇ ಚೆನ್ನಾಗಿ ಬೆಂದ ಹೂಳುಗಲ್ಲು, ಕೊನಾರ್ಕದ ಗುಡಿ ಕಟ್ಟಿದ್ದು ಅದರಲ್ಲೇ. ‘ನೈಸ್’ ಎಂಬ ಕಲ್ಲಿನ ಹೆಸರು, ಬೆಣಚಿನ ‘ಕ್ವಾರ್ಟ್ಸ್’ ಎಂಬ ಹೆಸರು ಕೂಡ ಜರ್ಮನಿಯ ಗಣಿ ಕೆಲಸದವರ ಬಾಯಿಂದ ಬಂದವು. ಅವರ ಗಣಿಯವರ ಮಾತು ಶಾಸ್ತ್ರವಾದರೆ ನಮ್ಮ ಉಳಿ ಹಿಡಿದವರ ‘ಎಳೆ’ ಯಾಕಾಗಬಾರದು?

ಊರಿನ ಹೆಸರುಗಳ ಕತೆ ಇನ್ನೂ ತಮಾಷೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಟ್ಟ ‘ಧಾರವಾಡ’ ಎಂಬ ಹೆಸರು ಇಂದಿಗೂ ಶಿವಮೊಗ್ಗ, ಚಿತ್ರದುರ್ಗದ ಕಲ್ಲಿಗೂ ಸಲ್ಲುತ್ತದೆ. ರಾಮನಗರ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆಯಾಗಿತ್ತು. ಊರು ಹೆಸರು ಬದಲಾಯಿಸಿಕೊಂಡು ಎಷ್ಟೋ ಕಾಲವಾಯಿತು, ಅಲ್ಲಿಯ ಗ್ರಾನೈಟ್ ಮಾತ್ರ ಇನ್ನೂ ಕ್ಲೋಸ್‌ಪೇಟೆಯಲ್ಲೇ ಇದೆ.

ಪುಸ್ತಕ ದೀಪಾವಳಿ ಕಳೆದ ಮೇಲೆ ಅಚ್ಚಿಗೆ ಹೋಗಬೇಕು. ‘ಹೂಳುಗಲ್ಲು’ ಬಹುಮಟ್ಟಿಗೆ ಉಳಿಯುತ್ತದೆ. ‘ಬೆಂದ’ ಉಳಿಯಬೇಕಾದರೆ ಒತ್ತಡವನ್ನೂ ಹೇಳುವ ಒಂದು ಮಾತು ಸಿಗಬೇಕು, ಇಲ್ಲವೇ ಮೇಷ್ಟ್ರು ಸೋಲಬೇಕು. ಎರಡನೆಯದು ಆಗುವ ಹಾಗೆ ಕಾಣುವುದಿಲ್ಲ. ಕುಂಬಾರಿಕೆ, ಎಣ್ಣೆಗಾಣ, ಬೆಲ್ಲದ ಆಲೆಮನೆ, ಚಕ್ಕುಲಿ ಒರಳು, ಎಲ್ಲಿಯದಾದರೂ ಸರಿ, ಬಿಸಿ ಮಾಡಿ ಒತ್ತುವುದಕ್ಕೆ ಒಂದೇ ಕ್ರಿಯಾಪದ ಇದ್ದರೆ ತಿಳಿಸಿ. ನನ್ನ ಅಜ್ಜಿ ಒಬ್ಬಟ್ಟನ್ನು ಕಾವಲಿಯ ಮೇಲೆ ಮಗುಚುಕಾಯಿಯಿಂದ ಅದುಮಿ ಬೇಯಿಸುವಾಗ ಏನೋ ಒಂದು ಮಾತು ಹೇಳುತ್ತಿದ್ದಳು. ಎಷ್ಟು ತಿಣುಕಿದರೂ ನೆನಪಿಗೆ ಬರುತ್ತಿಲ್ಲ. ಹಿರಿಯೂರು, ಹೊಸದುರ್ಗದ ಕಡೆಯವರು ಯಾರಾದರೂ ಈ ಗುಂಪಿನಲ್ಲಿದ್ದರೆ ಮನೆಯಲ್ಲಿ ಒಮ್ಮೆ ಕೇಳಿ ನೋಡುತ್ತೀರಾ?